ಪ್ರೋಬ್ ಇಡುವ ಮುನ್ನ: ಸ್ಕ್ಯಾನಿಂಗ್ ಕೋಣೆಯ ಪ್ರಶ್ನೋತ್ತರ

ಅಲ್ಟ್ರಾಸೌಂಡ್ ಟೆಕ್ನಾಲಜಿಸ್ಟ್ ಕೆಲಸದ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಬಹಳ ಮಂದಿ ಹೆಸರು ಬೇಡ ಅಂದಿದ್ದರಿಂದ ಊರನ್ನಷ್ಟೇ ಹಾಕಿದ್ದೇವೆ.

ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಇಮೇಜಿಂಗ್ ಕೋರ್ಸ್ ಮಾಡಿದರೆ ನೀನೇ ಸ್ಕ್ಯಾನ್ ಮಾಡಬಹುದು ಎಂದು ಒಬ್ಬರು, ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ನಂಬಲಿ? (ವಿದ್ಯಾರ್ಥಿನಿ, ಕುಷ್ಟಗಿ)

ಎರಡನೆಯವರ ಮಾತು ನಂಬಿ. ನಮ್ಮಲ್ಲಿ ಅಲ್ಟ್ರಾಸೌಂಡ್ ಯಂತ್ರ ಇಟ್ಟುಕೊಳ್ಳಬೇಕಾದರೆ ಭ್ರೂಣದ ಲಿಂಗಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಕೇಂದ್ರದ ನೋಂದಣಿ ಆಗಿರಬೇಕು. ಅಲ್ಲಿ ಸ್ಕ್ಯಾನ್ ಮಾಡುವವರು ರೇಡಿಯಾಲಜಿಯಂಥ ವಿಷಯದಲ್ಲಿ ಸ್ನಾತಕೋತ್ತರ ಓದಿದ ವೈದ್ಯರಾಗಿರಬೇಕು, ಇಲ್ಲವೇ ನಿಯಮ ಹೇಳುವ ಆರು ತಿಂಗಳ ತರಬೇತಿ ಪಡೆದ ನೋಂದಾಯಿತ ವೈದ್ಯರಾಗಿರಬೇಕು. ಟೆಕ್ನಾಲಜಿಸ್ಟ್ ಆ ಪಟ್ಟಿಯಲ್ಲಿಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿ ಸೋನೋಗ್ರಾಫರ್ ಎಂಬ ಹುದ್ದೆಯವರು ಪ್ರೋಬ್ (ಮೈಮೇಲೆ ಇಟ್ಟು ನೋಡುವ ಹಿಡಿಕೆ) ಹಿಡಿದು ಪೂರ್ತಿ ಸ್ಕ್ಯಾನ್ ಮಾಡುತ್ತಾರೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿಯೂ ಹಾಗೇ ಅಂದುಕೊಂಡು ಕೋರ್ಸಿಗೆ ಸೇರಿ, ಆಮೇಲೆ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನಿಮಗೆ ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಹಾಗಾದರೆ ಕೆಲಸ ಏನು? ರೋಗಿಯನ್ನು ತಯಾರು ಮಾಡುವುದು, ಸರಿಯಾದ ಪ್ರೋಬ್ ಮತ್ತು ಸೆಟ್ಟಿಂಗ್ ಹಾಕಿಡುವುದು, ವೈದ್ಯರು ಸ್ಕ್ಯಾನ್ ಮಾಡುವಾಗ ಕೀಬೋರ್ಡ್ ನೋಡಿಕೊಳ್ಳುವುದು, ಅಳತೆಗಳನ್ನು ವರದಿಗೆ ಇಳಿಸುವುದು, ಬಯಾಪ್ಸಿಗೆ (ಸೂಜಿಯಿಂದ ಅಂಗದ ಚೂರು ತೆಗೆಯುವ ಪರೀಕ್ಷೆ) ಟ್ರೇ ಜೋಡಿಸುವುದು, ಚಿತ್ರ ಉಳಿಸುವುದು, ದಾಖಲೆ ಇಡುವುದು, ಯಂತ್ರ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಗುರುತಿಸುವುದು. ಸ್ಕ್ಯಾನ್ ಚೆನ್ನಾಗಿ ಬರುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಪ್ರೋಬ್ ಮೈಮೇಲೆ ಇಡುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಆ ಅರ್ಧ ನಿಮ್ಮದು. ಜೊತೆಗೆ ಎಕ್ಸ್‌ರೇ, ಸಿಟಿ, ಎಂಆರ್‌ಐ ಕೆಲಸವನ್ನು ಟೆಕ್ನಾಲಜಿಸ್ಟ್‌ಗಳೇ ಕೈಯಾರೆ ಮಾಡುವುದರಿಂದ ಕೋರ್ಸ್ ವ್ಯರ್ಥ ಆಗುವ ಮಾತಿಲ್ಲ.

ದಾರಿ ಎರಡಿವೆ. ಒಂದು, ಪ್ಯಾರಾಮೆಡಿಕಲ್ ಬೋರ್ಡಿನ ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ: ಎಸ್‌ಎಸ್‌ಎಲ್‌ಸಿ ನಂತರವಾದರೆ 3 ವರ್ಷ, ಪಿಯುಸಿ ವಿಜ್ಞಾನದ ನಂತರ 2 ವರ್ಷ ಎಂಬುದು ಇಲ್ಲಿಯವರೆಗಿನ ಪದ್ಧತಿ. ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ: 3 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ಇಮೇಜಿಂಗ್ ವೃತ್ತಿಯೂ ಅದರೊಳಗೆ ಬರುತ್ತದೆ. ಮುಂದಿನ ದಿನಗಳನ್ನು ನೋಡಿದರೆ ಪದವಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬಳ್ಳಾರಿಯ ಹಳೆಯ ವಿಮ್ಸ್ ಅಂದರೆ ಈಗಿನ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ರೇಡಿಯಾಲಜಿ ವಿಭಾಗದಲ್ಲಿ ವಿಚಾರಿಸಿ. ಖಾಸಗಿ ಕಾಲೇಜಾದರೆ ಒಂದೇ ಪ್ರಶ್ನೆ ಕೇಳಿ: ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಸಿಟಿ, ಎಂಆರ್‌ಐ ಇವೆಯೇ? ಸ್ವಂತ ಆಸ್ಪತ್ರೆ ಇಲ್ಲದೆ ಬರೀ ಕಟ್ಟಡ ತೋರಿಸುವ ಕಾಲೇಜಿಗೆ ಫೀ ಕಟ್ಟಬೇಡಿ. ಕಲ್ಯಾಣ ಕರ್ನಾಟಕದವರಾದ್ದರಿಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಸೀಟಿಗೂ ಬೇಕು, ನಾಳೆ ಸರ್ಕಾರಿ ಹುದ್ದೆಗೂ ಬೇಕು.

ಖಾಲಿ ಹೊಟ್ಟೀಲೆ ಬರ್ರಿ ಅಂದ್ರೂ ಒಗ್ಗರಣಿ-ಮಿರ್ಚಿ ತಿಂದು, ಚಾ ಕುಡಿದು ಬರ್ತಾರ. ವಾಪಸ್ ಕಳಿಸಿದ್ರ ಜಗಳ. ಎಷ್ಟು ಬಿಗಿ ಹಿಡೀಬೇಕು? (ಟೆಕ್ನಿಷಿಯನ್, ಗಂಗಾವತಿ)

ಯಾವ ಸ್ಕ್ಯಾನ್ ಎಂಬುದರ ಮೇಲೆ ಹೋಗುತ್ತದೆ. ಪಿತ್ತಕೋಶ ನೋಡಬೇಕಿದ್ದರೆ 6ರಿಂದ 8 ಗಂಟೆ ಖಾಲಿ ಹೊಟ್ಟೆ ಇರಲೇಬೇಕು. ಎಣ್ಣೆ, ಕೊಬ್ಬು ಹೊಟ್ಟೆಗೆ ಬಿದ್ದ ಕೂಡಲೇ ಪಿತ್ತಕೋಶ ಕುಗ್ಗಿ ಪಿತ್ತ ಹೊರಹಾಕುತ್ತದೆ. ಕುಗ್ಗಿದ ಪಿತ್ತಕೋಶದ ಗೋಡೆ ದಪ್ಪಗೆ ಕಾಣುತ್ತದೆ. 3 ಮಿಲಿಮೀಟರ್ ದಾಟಿದರೆ ಉರಿಯೂತದ ಸಂಶಯ ಬರುವ ಜಾಗ ಅದು. ಒಳಗಿನ ಸಣ್ಣ ಹರಳು ಮಡಿಕೆಯಲ್ಲಿ ಅಡಗುತ್ತದೆ. ಅಂದರೆ ಇಲ್ಲದ ರೋಗ ಕಾಣಬಹುದು, ಇರುವ ರೋಗ ತಪ್ಪಬಹುದು. ಮಿರ್ಚಿಯ ಮಾತಿರಲಿ, ಒಂದು ಲೋಟ ಹಾಲಿನ ಚಹಾ ಸಾಕು. ಇಂಥವರಿಗೆ ಮಧ್ಯಾಹ್ನ ಊಟ ಬಿಟ್ಟು ಸಂಜೆ ಬರಲು ಹೇಳಿ. ಬರೀ ಕಿಡ್ನಿ, ಮೂತ್ರಕೋಶ ನೋಡುವುದಿದ್ದರೆ ತಿಂದು ಬಂದರೂ ನಡೆಯುತ್ತದೆ, ವಾಪಸ್ ಕಳಿಸುವ ಅಗತ್ಯವಿಲ್ಲ. ಚೀಟಿಯಲ್ಲಿ ಏನು ಬರೆದಿದೆ ಎಂದು ಓದದೆ ಎಲ್ಲರಿಗೂ ಒಂದೇ ಮಾತು ಹೇಳುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಖಾಲಿ ಹೊಟ್ಟೆ ಅಂದರೆ ನೀರೂ ಬೇಡ ಎಂದು ತಿಳಿದು ಒಣಗಿ ಬರುವವರೂ ಇದ್ದಾರೆ. ಬರೀ ನೀರು ಕುಡಿಯಬಹುದು, ಬಿ.ಪಿ. ಮಾತ್ರೆಯನ್ನೂ ಆ ನೀರಿನಲ್ಲೇ ನುಂಗಬಹುದು ಎಂದು ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆಯವರಿಗೆ ದಿನದ ಮೊದಲ ಪಾಳಿ ಕೊಡಿ. ಊಟವಿಲ್ಲದೆ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಹನ್ನೊಂದರವರೆಗೆ ಬೆಂಚಿನ ಮೇಲೆ ಕೂತರೆ ಸಕ್ಕರೆ ಇಳಿದು ಬೆವರಿ ಬೀಳುತ್ತಾರೆ. ಅವರು ಬೆಳಗಿನ ಡೋಸ್ ಏನು ಮಾಡಬೇಕೆಂದು ಹಿಂದಿನ ದಿನವೇ ತಮ್ಮ ಡಾಕ್ಟರನ್ನು ಕೇಳಿರಬೇಕು.

ಕಿಬ್ಬೊಟ್ಟೆಯ ಸ್ಕ್ಯಾನಿಗೆ ಲೆಕ್ಕ ಬೇರೆ. ತುಂಬಿದ ಮೂತ್ರಕೋಶ ಕರುಳನ್ನು ಮೇಲೆ ದೂಡಿ ಗರ್ಭಕೋಶಕ್ಕೆ, ಪ್ರಾಸ್ಟೇಟಿಗೆ ಕಿಟಕಿಯಾಗುತ್ತದೆ. ಒಂದು ಗಂಟೆ ಮೊದಲು ಮುಕ್ಕಾಲರಿಂದ ಒಂದು ಲೀಟರ್ ನೀರು ಕುಡಿದು ಒಂದಕ್ಕೆ ಹೋಗದೆ ಇರಬೇಕು. ಬೇಸಿಗೆಯಲ್ಲಿ ಬಸ್ಸಿನಲ್ಲಿ ಬಂದವರ ಮೈ ಆ ನೀರನ್ನೆಲ್ಲ ಹೀರಿಬಿಟ್ಟಿರುತ್ತದೆ, ಅವರಿಗೆ ಇನ್ನೂ ಅರ್ಧ ಲೀಟರ್, ಇನ್ನೂ ಅರ್ಧ ಗಂಟೆ ಹಿಡಿಯುತ್ತದೆ. ಅತಿ ತುಂಬಿದರೂ ಕೆಡುಕೇ: ಗರ್ಭಕೋಶ ಒತ್ತಿ ಹಿಂದೆ ಸರಿಯುತ್ತದೆ, ರೋಗಿ ನೋವಿಗೆ ಮಿಸುಕಾಡುತ್ತಾರೆ. ಆಗ ಅರ್ಧ ಲೋಟದಷ್ಟು ಹೋಗಿ ಬರಲು ಹೇಳಿ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಮಾತ್ರ ಈ ನೀರಿನ ಕೆಲಸ. ಐದನೇ ತಿಂಗಳ ಹೆಣ್ಣುಮಗಳಿಗೆ ಲೀಟರ್ ನೀರು ಕುಡಿಸಿ ಸಾಲಿನಲ್ಲಿ ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಡಾಕ್ಟರ್ ಪ್ರೋಬ್ ಹಿಡಿದಿರುತ್ತಾರೆ, ಗುಂಡಿಗಳು ನನ್ನ ಕೈಯಲ್ಲಿ. ‘ಇಮೇಜ್ ಸರಿ ಮಾಡು’ ಅಂದಾಗ ಗೇನ್ ಏರಿಸುವುದು ಬಿಟ್ಟು ಏನೂ ತೋಚುವುದಿಲ್ಲ. (ಸಿಂಧನೂರು)

ಗೇನ್, ಅಂದರೆ ಇಡೀ ಚಿತ್ರದ ಹೊಳಪು ಏರಿಸುವ ಗುಂಡಿ, ಕೊನೆಯದು. ಅದಕ್ಕಿಂತ ಮೊದಲು ಐದಾರು ಕೆಲಸಗಳಿವೆ.

ಕೋಣೆಯ ಬೆಳಕು ಮೊದಲು. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಪರದೆ ಮಂಕಾಗಿ ಕಂಡು ಕೈ ತಾನಾಗಿ ಗೇನ್ ಕಡೆ ಹೋಗುತ್ತದೆ. ಆಮೇಲೆ ಪ್ರೋಬ್ ಮತ್ತು ಪ್ರಿಸೆಟ್ (ಆಯಾ ಅಂಗಕ್ಕೆ ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್). ಹೊಟ್ಟೆಗೆ 2ರಿಂದ 5 ಮೆಗಾಹರ್ಟ್ಸ್‌ನ, ಬಾಗಿದ ಮುಖದ ಕಾನ್ವೆಕ್ಸ್. ಥೈರಾಯ್ಡ್, ಸ್ತನ, ರಕ್ತನಾಳ, ವೃಷಣಕ್ಕೆ 7ರಿಂದ 12 ಅಥವಾ ಅದಕ್ಕೂ ಹೆಚ್ಚಿನ, ಚಪ್ಪಟೆ ಮುಖದ ಲೀನಿಯರ್. ಫ್ರೀಕ್ವೆನ್ಸಿ ಏರಿದಷ್ಟು ಸೂಕ್ಷ್ಮ ಕಾಣುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ದಪ್ಪ ಮೈಯವರಿಗೆ ಅದೇ ಪ್ರೋಬಿನ ಕೆಳಗಿನ ಫ್ರೀಕ್ವೆನ್ಸಿ ಆರಿಸಿ, ಟಿಶ್ಯೂ ಹಾರ್ಮೋನಿಕ್ಸ್ ಹಾಕಿ ನೋಡಿ, ತೆಗೆದೂ ನೋಡಿ. ಅದು ಮಸುಕು ತೆಗೆಯುತ್ತದೆ, ತೀರಾ ಆಳದಲ್ಲಿ ಸೋಲುವುದೂ ಉಂಟು.

ಮೂರನೆಯದು ಡೆಪ್ತ್. ಸಾಧಾರಣ ಮೈಕಟ್ಟಿನ ದೊಡ್ಡವರ ಲಿವರಿಗೆ 15-16 ಸೆಂಟಿಮೀಟರ್, ದಪ್ಪಗಿದ್ದರೆ 18-20, ಥೈರಾಯ್ಡಿಗೆ 4 ಸಾಕು. ಬೇಕಾದ ಅಂಗ ಪರದೆಯ ಮುಕ್ಕಾಲು ಭಾಗ ತುಂಬಬೇಕು. ಮೈಯೊಳಗೆ ಶಬ್ದ ಸೆಕೆಂಡಿಗೆ ಸರಾಸರಿ 1540 ಮೀಟರ್ ಓಡುತ್ತದೆ ಎಂದು ಯಂತ್ರ ಲೆಕ್ಕ ಹಿಡಿದಿರುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು 13 ಮೈಕ್ರೊಸೆಕೆಂಡ್. 15 ಸೆಂಟಿಮೀಟರಿಗೆ 195. ಇಂಥ 128 ಗೆರೆ ಸೇರಿ ಒಂದು ಚಿತ್ರ ಎಂದುಕೊಂಡರೆ 25 ಮಿಲಿಸೆಕೆಂಡ್ ಬೇಕು, ಸೆಕೆಂಡಿಗೆ 40 ಚಿತ್ರ ಆಯಿತು. ಡೆಪ್ತ್ ಸುಮ್ಮನೆ 24ಕ್ಕೆ ಬಿಟ್ಟರೆ ಅದು 25ಕ್ಕೆ ಇಳಿಯುತ್ತದೆ. ಚಿತ್ರ ಎಳೆದಂತೆ ಬರುತ್ತಿದೆ ಎಂದು ಡಾಕ್ಟರ್ ಗೊಣಗಿದಾಗ ಮೊದಲು ಇದನ್ನೇ ನೋಡಿ.

ನಂತರ ಫೋಕಸ್: ಪಕ್ಕದ ಬಾಣದ ಗುರುತನ್ನು ನೋಡಬೇಕಾದ ಜಾಗದ ಮಟ್ಟಕ್ಕೆ ಅಥವಾ ಚೂರು ಕೆಳಕ್ಕೆ ತನ್ನಿ. ಎರಡು-ಮೂರು ಫೋಕಸ್ ಹಾಕಿದರೂ ಚಿತ್ರದ ವೇಗ ಬೀಳುತ್ತದೆ. ಆಮೇಲೆ ಟಿಜಿಸಿ, ಅಂದರೆ ಸಾಲಾಗಿರುವ ಜಾರುಗುಂಡಿಗಳು. ಎಲ್ಲವನ್ನೂ ಮಧ್ಯಕ್ಕೆ ತಂದು, ಲಿವರ್ ಮೇಲಿನಿಂದ ಕೆಳಗಿನವರೆಗೆ ಒಂದೇ ಬೂದು ಬಣ್ಣ ಕಾಣುವವರೆಗೆ ಸರಿಪಡಿಸಿ. ಮೂತ್ರಕೋಶ ಪರೀಕ್ಷೆಯ ಕನ್ನಡಿ ಇದ್ದಂತೆ: ಒಳಗಿನ ಮೂತ್ರ ಕಪ್ಪಗೆ ಕಾಣಬೇಕು. ಮೇಲ್ಭಾಗದಲ್ಲಿ ಬೂದಿ ಚೆಲ್ಲಿದಂತೆ ಕಂಡರೆ ಅದು ಕೀವಲ್ಲ, ಬಹುಪಾಲು ಪ್ರತಿಧ್ವನಿ. ಮೇಲಿನ ಎರಡು ಗುಂಡಿ ಇಳಿಸಿ. ಇಷ್ಟಾದ ಮೇಲೂ ಚಿತ್ರ ಪೂರ್ತಿ ಕಪ್ಪಾಗಿದ್ದರೆ ಮಾತ್ರ ಗೇನ್ ಮುಟ್ಟಿ.

ಹರಳು ಹುಡುಕುವಾಗ ಇನ್ನೊಂದು ಸಂಗತಿ. ಬಿಸಿಲ ನಾಡಿನ ನಮ್ಮ ಕಡೆ ಇದು ದಿನದ ಕೆಲಸ. ಹರಳಿನ ಗುರುತು ಅದರ ಹಿಂದಿನ ಕಪ್ಪು ನೆರಳು. ಯಂತ್ರದಲ್ಲಿ ಕಾಂಪೌಂಡ್ ಇಮೇಜಿಂಗ್ ಆನ್ ಇದ್ದರೆ ಹಲವು ಕೋನಗಳಿಂದ ಕಿರಣ ಹೋಗಿ ಆ ನೆರಳು ತೆಳುವಾಗುತ್ತದೆ. ಅದನ್ನು ತೆಗೆದು, ಫ್ರೀಕ್ವೆನ್ಸಿ ಒಂದು ಮೆಟ್ಟಿಲು ಏರಿಸಿ, ಫೋಕಸ್ ಹರಳಿನ ಮಟ್ಟಕ್ಕೆ ತನ್ನಿ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಹರಳಿನ ಹಿಂದೆ ಕೆಂಪು-ನೀಲಿ ಮಿಣುಕು ಬಂದರೆ ಅದೂ ಸಾಕ್ಷಿ. ಪಿತ್ತಕೋಶದಲ್ಲಾದರೆ ರೋಗಿಯನ್ನು ಎಡ ಮಗ್ಗಲಿಗೆ ಹೊರಳಿಸಿ: ಹರಳು ಉರುಳುತ್ತದೆ, ಪಾಲಿಪ್ ಎಂಬ ಗಂಟು ಅಂಟಿಕೊಂಡೇ ಇರುತ್ತದೆ. ರಕ್ತನಾಳದ ವೇಗ ಅಳೆಯುವಾಗ ಡಾಪ್ಲರ್ ಕೋನ 60 ಡಿಗ್ರಿ ದಾಟಬಾರದು. ಅಲ್ಲಿಂದ ಮುಂದೆ ಕೋನದಲ್ಲಿ ಒಂದೆರಡು ಡಿಗ್ರಿ ತಪ್ಪಿದರೂ ವೇಗದ ಅಂಕಿ ಎಲ್ಲೆಲ್ಲಿಗೋ ಹೋಗುತ್ತದೆ.

ಕೊನೆಗೆ ಉಸಿರು. ಒಳ್ಳೆಯ ಸೆಟ್ಟಿಂಗ್ ಮಾಡಲಾಗದ್ದನ್ನು ಒಂದು ದೊಡ್ಡ ಉಸಿರು ಮಾಡುತ್ತದೆ, ಲಿವರ್ ಪಕ್ಕೆಲುಬಿನ ಕೆಳಗೆ ಇಳಿದು ಬರುತ್ತದೆ. “ಉಸಿರು ಒಳಗ ತಗೋರಿ, ಹಿಡೀರಿ, ಈಗ ಬಿಡ್ರಿ.” ಸಿರುಗುಪ್ಪ, ರಾಯಚೂರು ಕಡೆ ತೆಲುಗಿನವರಿಗೆ “ಊಪಿರಿ ಪೀಲ್ಚಂಡಿ, ಆಪಂಡಿ, ವದಲಂಡಿ”, ಉರ್ದು ಮಾತಿನವರಿಗೆ “ಸಾಂಸ್ ಲೋ, ರೋಕೋ, ಛೋಡೋ”. ಮೂರನೆಯ ಮಾತು ಮರೆಯಬೇಡಿ. ಬಿಡ್ರಿ ಅನ್ನುವವರೆಗೆ ಬಿಡದೆ ಮುಖ ಕೆಂಪು ಮಾಡಿಕೊಳ್ಳುವ ಅಜ್ಜಂದಿರು ಇದ್ದಾರೆ.

ಚಿತ್ರದ ನಡುವೆ ಮೇಲಿನಿಂದ ಕೆಳಗೆ ಕಪ್ಪು ಪಟ್ಟಿ ಬರುತ್ತಿದೆ. ಪ್ರೋಬ್ ಹೋಯಿತೇ? (ಸಿರುಗುಪ್ಪ)

ಹೋಗಿರಬಹುದು, ಆದರೆ ಸರ್ವಿಸ್ ಎಂಜಿನಿಯರಿಗೆ ಫೋನ್ ಮಾಡುವ ಮೊದಲು ಹತ್ತು ನಿಮಿಷ ಕೊಡಿ. ಪ್ರೋಬನ್ನು ರೋಗಿಯ ಮೈಮೇಲೆ ಜರುಗಿಸಿ. ಪಟ್ಟಿ ದೇಹದ ಜೊತೆ ಸರಿದರೆ ಅದು ಪಕ್ಕೆಲುಬಿನ ಅಥವಾ ಗಾಳಿಯ ನೆರಳು. ಪರದೆಯಲ್ಲಿ ಅಲ್ಲೇ ನಿಂತರೆ ತೊಂದರೆ ಪ್ರೋಬಿನದೋ ಯಂತ್ರದ್ದೋ. ಮೊದಲು ಜೆಲ್ ಸಾಲದೆ ಗಾಳಿ ಸೇರಿಲ್ಲವೇ ನೋಡಿ.

ಆಮೇಲೆ ಪ್ರೋಬನ್ನು ಪೂರ್ತಿ ಒರೆಸಿ, ಜೆಲ್ ಇಲ್ಲದೆ ಗಾಳಿಯಲ್ಲಿ ಹಿಡಿಯಿರಿ. ಪರದೆಯ ಮೇಲ್ಭಾಗದಲ್ಲಿ ಅಡ್ಡ ಪಟ್ಟಿಗಳು ಒಂದೇ ಸಮನೆ ಕಾಣಬೇಕು. ನಡುವೆ ಕಡಿದುಹೋಗಿದ್ದರೆ ಪ್ರೋಬಿನೊಳಗೆ ಆ ಜಾಗದಲ್ಲಿ ಶಬ್ದ ಹೊರಡಿಸುವ ಕ್ರಿಸ್ಟಲ್‌ಗಳು ಸತ್ತಿರಬಹುದು. ಖಾತ್ರಿಗೆ ಒಂದು ಹನಿ ಜೆಲ್ ಸವರಿ, ಪೇಪರ್ ಕ್ಲಿಪ್ ಬಿಡಿಸಿ ಅದರ ನಯವಾದ ಬದಿಯನ್ನು ಪ್ರೋಬಿನ ಮುಖದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸರಿಸಿ. ಚುಚ್ಚಬಾರದು. ಪರದೆಯಲ್ಲಿ ಒಂದು ಬೆಳಕಿನ ಗೆರೆ ಜೊತೆಗೆ ಓಡುತ್ತದೆ, ಎಲ್ಲಿ ಮಾಯವಾಯಿತೋ ಅಲ್ಲಿ ಪೆಟ್ಟು. ಇದೇ ಪ್ರೋಬನ್ನು ಇನ್ನೊಂದು ಪೋರ್ಟಿಗೆ ಹಾಕಿ. ಪಟ್ಟಿ ಅಲ್ಲಿಯೂ ಬಂದರೆ ಪ್ರೋಬ್ ಅಥವಾ ಕೇಬಲ್, ಬಾರದಿದ್ದರೆ ಮೊದಲಿನ ಪೋರ್ಟ್. ಕನೆಕ್ಟರಿನ ಪಿನ್ ಬಾಗಿದೆಯೇ, ಲಾಕ್ ಪೂರ್ತಿ ತಿರುಗಿದೆಯೇ ಎಂದೂ ನೋಡಿ. ಪ್ರೋಬ್ ತೆಗೆಯುವಾಗ ಯಂತ್ರ ಫ್ರೀಜ್‌ನಲ್ಲಿರಲಿ, ಅಂದರೆ ಚಿತ್ರ ನಿಲ್ಲಿಸಿರಲಿ.

ಪ್ರೋಬ್ ಕೆಡಲು ಎರಡು ದೊಡ್ಡ ಕಾರಣಗಳು: ನೆಲಕ್ಕೆ ಬೀಳುವುದು, ಯಂತ್ರ ತಳ್ಳುವಾಗ ಕೇಬಲ್ ಮೇಲೆ ಚಕ್ರ ಹತ್ತುವುದು. ಕೇಬಲನ್ನು ಕೊಕ್ಕೆಗೆ ಹಾಕದೆ ಯಂತ್ರ ಸರಿಸಲೇಬಾರದು ಎಂಬ ನಿಯಮ ಮಾಡಿಕೊಳ್ಳಿ, ನೆಲ ಒರೆಸುವ ಅಮ್ಮನಿಗೂ ತಿಳಿಸಿ. ಮುಖದ ರಬ್ಬರ್ ಬಿರುಕು ಬಿಟ್ಟಿದ್ದರೆ ಚಿತ್ರ ಚೆನ್ನಾಗಿದ್ದರೂ ಬಳಕೆ ನಿಲ್ಲಿಸಿ. ಜೆಲ್ ಒಳಗಿಳಿದು ರೋಗಿಗೆ ಕರೆಂಟ್ ಸೋರುವ ಅಪಾಯವಿದೆ.

ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ನಮ್ಮ ಸೆಂಟರ್. ಏಪ್ರಿಲ್-ಮೇನಲ್ಲಿ ಯಂತ್ರ ತಾನಾಗಿ ಆಫ್ ಆಗುತ್ತದೆ. (ಸಂಡೂರು)

ಧೂಳು, ಬಿಸಿ ಎರಡೂ ಸೇರಿ ಮಾಡುತ್ತಿರುವ ಕೆಲಸ. ಯಂತ್ರದ ಬದಿಯಲ್ಲೋ ಕೆಳಗೋ ಸ್ಪಂಜಿನ ಫಿಲ್ಟರ್ ಇರುತ್ತದೆ. ಕೈಪಿಡಿಯಲ್ಲಿ ತಿಂಗಳಿಗೊಮ್ಮೆ ಎಂದಿದ್ದರೂ ನಿಮ್ಮ ಕೆಂಪು ಧೂಳಿಗೆ ವಾರಕ್ಕೊಮ್ಮೆ ತೆಗೆಯಬೇಕು. ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹಸಿಯದನ್ನು ಹಾಕಿದರೆ ಫ್ಯಾನ್ ಆ ತೇವವನ್ನು ಬೋರ್ಡಿಗೆ ಎಳೆಯುತ್ತದೆ. ಒಂದು ಜೋಡಿ ಹೆಚ್ಚಿಗೆ ಇಟ್ಟುಕೊಂಡರೆ ಈ ಅವಸರವೇ ಇರದು. ಯಂತ್ರಕ್ಕೂ ಗೋಡೆಗೂ ಒಂದು ಗೇಣು ಜಾಗ ಬಿಡಿ. ಫ್ಯಾನ್ ಸದ್ದು ದಿನದಿಂದ ದಿನಕ್ಕೆ ಜೋರಾಗುತ್ತಿದ್ದರೆ ಅದೇ ಮುನ್ಸೂಚನೆ.

ನೀರಿನ ಕೂಲರ್ ಇದ್ದರೆ ಇಂದೇ ಹೊರಗಿಡಿ. ತೇವದ ಗಾಳಿ ಕನೆಕ್ಟರುಗಳಿಗೆ ಕಿಲುಬು ಹಿಡಿಸುತ್ತದೆ. ಎಸಿಯೇ ಬೇಕು, ಕೋಣೆ 22-24 ಡಿಗ್ರಿ ಇದ್ದರೆ ಸಾಕು. ಯಂತ್ರ, ಪ್ರಿಂಟರ್ ಎರಡನ್ನೂ ಆನ್‌ಲೈನ್ ಯುಪಿಎಸ್‌ಗೆ ಹಾಕಿ, ಎಸಿಯನ್ನು ಅದಕ್ಕೆ ಹಾಕಬೇಡಿ. ದೊಡ್ಡ ಟ್ರಾಲಿ ಯಂತ್ರಕ್ಕೆ 2 ಕೆವಿಎ ಸಾಮಾನ್ಯವಾಗಿ ಸಾಲುತ್ತದೆ, ಆದರೂ ಹಿಂಬದಿಯ ಪಟ್ಟಿಯಲ್ಲಿ ಬರೆದ ವಿದ್ಯುತ್ ಅಂಕಿ ನೋಡಿಯೇ ಕೊಳ್ಳಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿಸಿ, ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. 3 ವೋಲ್ಟ್ ಒಳಗಿರಬೇಕು. ಕಲರ್ ಡಾಪ್ಲರಿನಲ್ಲಿ ಒಂದೇ ಅಂತರದಲ್ಲಿ ಗೆರೆ ಬರುತ್ತಿದ್ದರೆ ಅದೇ ಸಾಲಿನ ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಒಂದೊಂದಾಗಿ ತೆಗೆದು ನೋಡಿ.

ಪ್ರೋಬ್ ಒರೆಸಲು ಸ್ಪಿರಿಟ್ ಬಳಸಬಹುದೇ? ಜೆಲ್ ಮುಗಿದರೆ ಕೊಬ್ಬರಿ ಎಣ್ಣೆ? (ಬಳ್ಳಾರಿ)

ಎಣ್ಣೆ ಬೇಡವೇ ಬೇಡ, ರಬ್ಬರ್ ಉಬ್ಬಿ ಸುಲಿಯುತ್ತದೆ. ಸ್ಪಿರಿಟ್ ದಿನಾ ಹಚ್ಚಿದರೂ ಒಣಗಿ ಬಿರುಕು ಬಿಡುತ್ತದೆ. ಪ್ರೋಬಿನ ಕೈಪಿಡಿ ಒಪ್ಪಿದ್ದರೆ ಮಾತ್ರ ಬಳಸಿ. ಪ್ರತಿ ರೋಗಿಯ ನಂತರ ಮೊದಲು ಒಣ ಟಿಶ್ಯೂನಿಂದ ಜೆಲ್ ಪೂರ್ತಿ ತೆಗೆಯಿರಿ, ಆಮೇಲೆ ಕಂಪನಿ ಒಪ್ಪಿದ ಒರೆಸುವ ಬಟ್ಟೆ. ಜೆಲ್ ಉಳಿದಿದ್ದರೆ ಯಾವ ಔಷಧವೂ ಅದರ ಕೆಳಗೆ ತಲುಪದು.

ದೇಹದೊಳಗೆ ಹಾಕಿ ನೋಡುವ ಪ್ರೋಬಿಗೆ ಪ್ರತಿ ಬಾರಿ ಹೊಸ ಕವರ್, ಹಾಕುವ ಮೊದಲು ಲೇಟೆಕ್ಸ್ ಅಲರ್ಜಿ ಇದೆಯೇ ಎಂದು ಕೇಳಬೇಕು. ಮುಗಿದ ಮೇಲೆ ಕವರ್ ತೆಗೆದು, ಒರೆಸಿ, ತೊಳೆದು, 2% ಗ್ಲುಟರಾಲ್ಡಿಹೈಡಿನಲ್ಲಿ 20 ನಿಮಿಷ ಗುರುತಿನ ಗೆರೆಯವರೆಗೆ ಮಾತ್ರ ಮುಳುಗಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತೊಳೆಯುವುದರಲ್ಲಿ ಕಳ್ಳತನ ಮಾಡಿದರೆ ಮುಂದಿನ ರೋಗಿಗೆ ಉರಿ. ಕವರ್ ಹಾಕಿದ್ದೆವಲ್ಲ ಎಂದು ಈ ಹೆಜ್ಜೆ ಬಿಡುವಂತಿಲ್ಲ, ಕವರ್ ತೂತಾಗುತ್ತದೆ. ದ್ರಾವಣ ಬೆರೆಸಿದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ, ಕೋಣೆಗೆ ಗಾಳಿಯಾಡಲಿ.

5 ಲೀಟರ್ ಕ್ಯಾನಿನಿಂದ ಬಾಟಲಿಗೆ ಮೇಲಿಂದ ಮೇಲೆ ಜೆಲ್ ತುಂಬುವ ರೂಢಿ ಬಿಡಿ. ಬಾಟಲಿ ಖಾಲಿಯಾಗಬೇಕು, ತೊಳೆದು ಒಣಗಬೇಕು, ಆಮೇಲೆ ತುಂಬಬೇಕು. ಬೆಚ್ಚಗಿನ ಜೆಲ್ ರೋಗಿಗೂ ಇಷ್ಟ, ಬ್ಯಾಕ್ಟೀರಿಯಾಕ್ಕೂ ಇಷ್ಟ. ರಾತ್ರಿಯಿಡೀ ಹೀಟರಿನಲ್ಲಿ ಇಡಬೇಡಿ. ಬಯಾಪ್ಸಿಗೆ, ಗಾಯದ ಮೇಲೆ ಸ್ಟೆರೈಲ್ ಜೆಲ್ ಪೊಟ್ಟಣವೇ ಆಗಬೇಕು.

ಫಾರಂ ಎಫ್ ತುಂಬುವುದು ನನ್ನ ಪಾಲಿಗೆ ಬಂದಿದೆ. ಸಣ್ಣಪುಟ್ಟ ತಪ್ಪಿಗೂ ಕೇಸ್ ಆಗುತ್ತದೆಯೇ? (ರಾಯಚೂರು)

ಆಗುತ್ತದೆ. ಫಾರಂ ಎಫ್ ಅಂದರೆ ಗರ್ಭಿಣಿಯ ಸ್ಕ್ಯಾನಿಗೆ ಇಡಬೇಕಾದ ದಾಖಲೆ. ಪಿಸಿಪಿಎನ್‌ಡಿಟಿ ಕಾಯ್ದೆಯ 4(3) ಕಲಮಿನ ಪ್ರಕಾರ ಆ ದಾಖಲೆಯಲ್ಲಿ ಕೊರತೆ ಅಥವಾ ತಪ್ಪು ಇದ್ದರೆ ಅದನ್ನು ಲಿಂಗಪತ್ತೆಯ ನಿಷೇಧದ ಉಲ್ಲಂಘನೆ ಎಂದೇ ಭಾವಿಸಲಾಗುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಸ್ಕ್ಯಾನ್ ಮಾಡಿದವರದು. ಇದು ಗುಮಾಸ್ತಿಕೆಯ ತಪ್ಪಷ್ಟೇ ಎಂಬ ವಾದವನ್ನು 2019ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಿಕ್ಷೆಯ ಕಲಮಿನಲ್ಲಿ ಕೇಂದ್ರದಲ್ಲಿ ತಾಂತ್ರಿಕ ಸೇವೆ ಸಲ್ಲಿಸುವವರೂ ಸೇರುತ್ತಾರೆ ಎಂಬುದು ನಿಮಗೆ ಗೊತ್ತಿರಲಿ: 3 ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ. ಮತ್ತೆ ಮಾಡಿದರೆ 5 ವರ್ಷ, 50 ಸಾವಿರ. ಜಾಮೀನುರಹಿತ ಅಪರಾಧ.

ಹಾಗಾಗಿ ಗರ್ಭಿಣಿ ಹಾಸಿಗೆ ಏರುವ ಮೊದಲೇ ‘ಎ’ ಭಾಗ ಮುಗಿದಿರಲಿ. ಬಿಟ್ಟುಹೋಗುವುದು ಹೆಚ್ಚಾಗಿ ನಾಲ್ಕೇ ಜಾಗ: ಇರುವ ಮಕ್ಕಳ ಸಂಖ್ಯೆ ಮತ್ತು ವಿವರ, ಪೂರ್ತಿ ವಿಳಾಸ (ಕ್ಯಾಂಪ್ ಎಂದು ಕರೆಯುವ ಊರುಗಳ ಹೆಸರು ಒಂದೇ ತರಹ ಇರುವುದರಿಂದ ತಾಲೂಕೂ ಬೇಕು), ಯಾರು ಬರೆದು ಕಳಿಸಿದ್ದು, ಕೊನೆಯ ಮುಟ್ಟಿನ ದಿನ. ಸ್ಕ್ಯಾನಿನ ಕಾರಣವನ್ನು ಪಟ್ಟಿಯಲ್ಲಿರುವುದನ್ನೇ ಗುರುತಿಸಬೇಕು. ಗರ್ಭಿಣಿಯ ಘೋಷಣೆಯನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ವೈದ್ಯರ ಸಹಿ ಅಂದೇ ಆಗಬೇಕು. ಸಂಜೆ ಒಟ್ಟಿಗೆ ಹಾಕೋಣ ಎಂದು ಖಾಲಿ ಬಿಟ್ಟ ದಿನವೇ ತಪಾಸಣೆ ಬರುವುದು. ಚೀಟಿ, ಚಿತ್ರ, ಫಾರಂ ಎಲ್ಲ 2 ವರ್ಷ ಇರಬೇಕು. ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು. ಸಿಬ್ಬಂದಿ, ಜಾಗ, ಯಂತ್ರ ಬದಲಾಗುವುದಿದ್ದರೆ 30 ದಿನ ಮುಂಚೆ ತಿಳಿಸಬೇಕು.

ಸಂಬಂಧಿಕರೇ ಬಂದು ‘ಏನು ಕೂಸು, ನೀ ಹೇಳದಿದ್ರ ಸನ್ನಿ ಮಾಡು’ ಅಂತಾರ. (ದೇವದುರ್ಗ)

ಮಾತಿನಿಂದ, ಸನ್ನೆಯಿಂದ, ಬೇರೆ ಯಾವ ಬಗೆಯಿಂದಲೂ ತಿಳಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಪೇಡೆ, ಜಿಲೇಬಿ ಎಂಬ ಗುಟ್ಟಿನ ಮಾತೂ ಅದರಲ್ಲೇ ಬಂತು. “ನನಗ ಕಾಣಂಗಿಲ್ಲ” ಎಂದರೆ ಕಾಣುವವರನ್ನು ಹುಡುಕುತ್ತಾರೆ. “ಹೇಳಿದ್ರ ನಾನೂ ಜೈಲಿಗೆ, ಕೇಳಿದ ನೀನೂ ಜೈಲಿಗೆ ಮಾವ” ಎಂದು ನೇರ ಹೇಳಿ, ಗೋಡೆಯ ಫಲಕ ತೋರಿಸಿ. ಕೇಳುವವರಿಗೂ ಶಿಕ್ಷೆ ಇರುವುದು ನಿಜ. ಒತ್ತಾಯಕ್ಕೆ ಸಿಕ್ಕು ಬಂದ ಗರ್ಭಿಣಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವವರಿಗೆ ರೇಡಿಯೇಶನ್ ತಗಲುತ್ತದೆಯೇ? ನಾನೀಗ ಗರ್ಭಿಣಿ. (ಮಾನ್ವಿ)

ಅಲ್ಟ್ರಾಸೌಂಡಿನಲ್ಲಿ ಇರುವುದು ಶಬ್ದ, ಎಕ್ಸ್‌ರೇ ಅಲ್ಲ. ನಿಶ್ಚಿಂತೆಯಿಂದ ಇರಿ. ಆದರೆ ಎಕ್ಸ್‌ರೇ, ಸಿಟಿ ಪಾಳಿಯೂ ಇದ್ದರೆ ಇಂದೇ ಬರವಣಿಗೆಯಲ್ಲಿ ತಿಳಿಸಿ. ಗರ್ಭದಲ್ಲಿರುವ ಮಗುವಿಗೆ ಉಳಿದ ಅವಧಿಗೆ 1 ಮಿಲಿಸೀವರ್ಟ್ ಮಾತ್ರ ಮಿತಿ. ಉಳಿದ ಸಿಬ್ಬಂದಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30. ಮೈಗೆ ತಗಲಿದ ವಿಕಿರಣ ಅಳೆಯುವ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವ ಟಿಎಲ್‌ಡಿ ಬ್ಯಾಡ್ಜನ್ನು ಏಪ್ರನ್ ಒಳಗೆ ಎದೆಗೆ ಹಾಕಿ.

ಸ್ಕ್ಯಾನ್ ಮಾಡುವ ನಮ್ಮ ಡಾಕ್ಟರ್ ಮೇಡಂಗೆ ಬಲ ಭುಜ ನೋವು. ಕೋಣೆ ಜೋಡಣೆಯಿಂದ ಕಡಿಮೆ ಮಾಡಬಹುದೇ? (ಕೊಪ್ಪಳ)

ಒಳ್ಳೆಯ ಪ್ರಶ್ನೆ, ಇದು ಟೆಕ್ನಾಲಜಿಸ್ಟ್ ಕೈಯಲ್ಲೇ ಇರುವ ಸಂಗತಿ. ರೋಗಿಯನ್ನು ಹಾಸಿಗೆಯ ನಡುವೆ ಮಲಗಿಸದೆ ಮೇಡಂ ಕಡೆಯ ಅಂಚಿಗೆ ತನ್ನಿ. ತೋಳು ಮೈಯಿಂದ 30 ಡಿಗ್ರಿಗಿಂತ ಹೆಚ್ಚು ಅಗಲಬಾರದು. ಹಾಸಿಗೆ ತಗ್ಗಿಸಿ, ಕುರ್ಚಿ ಏರಿಸಿ. ರೋಗಿಯ ಹೊಟ್ಟೆ ಅವರ ಮೊಣಕೈಗಿಂತ ತುಸು ಕೆಳಗಿರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ. ಪ್ರೋಬಿನ ಕೇಬಲ್ ತೂಕ ಮಣಿಕಟ್ಟಿನ ಮೇಲೆ ಬೀಳದಂತೆ ಮುಂಗೈ ಮೇಲೆ ಹಾಯಿಸಿ. ಮೊಣಕೈ ಕೆಳಗೆ ಸುರುಳಿ ಸುತ್ತಿದ ಟವೆಲ್ ಸಾಕು. ದಪ್ಪ ಮೈಯ ರೋಗಿಗಳನ್ನು ಒಬ್ಬರ ಹಿಂದೊಬ್ಬರಂತೆ ಬರೆಯದೆ ನಡುವೆ ಥೈರಾಯ್ಡಿನಂಥ ಹಗುರ ಸ್ಕ್ಯಾನ್ ಸೇರಿಸಿ.

ತುಂಬು ಗರ್ಭಿಣಿಯರನ್ನು ಅಂಗಾತ ಬಹಳ ಹೊತ್ತು ಬಿಡಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು, ಬೆವರು ಬರುತ್ತದೆ. ಕೂಡಲೇ ಎಡ ಮಗ್ಗಲಿಗೆ ಹೊರಳಿಸಿದರೆ ಎರಡು ನಿಮಿಷದಲ್ಲಿ ಸರಿಹೋಗುತ್ತಾರೆ. ಬಲ ಬೆನ್ನಿಗೆ ಒಂದು ದಿಂಬು ಮೊದಲೇ ಕೊಟ್ಟರೆ ಅದೂ ಬೇಡ.

ಗಲ್ಫ್‌ನಲ್ಲಿ ಸೋನೋಗ್ರಾಫರ್ ಕೆಲಸಕ್ಕೆ ಇಲ್ಲಿನ ಡಿಪ್ಲೊಮಾ ನಡೆಯುತ್ತದೆಯೇ? (ಕಂಪ್ಲಿ)

ಎಕ್ಸ್‌ರೇ, ಸಿಟಿ ಹುದ್ದೆಗಳಿಗೆ ಇಲ್ಲಿನ ಅನುಭವ ನೇರ ಹೊಂದುತ್ತದೆ. ಸೋನೋಗ್ರಾಫರಿಗೆ ಸ್ವತಃ ಸ್ಕ್ಯಾನ್ ಮಾಡಿದ ಅನುಭವ ಕೇಳುತ್ತಾರೆ, ಅದೇ ಇಲ್ಲಿ ಸಿಗದ ವಸ್ತು. ಸೋನೋಗ್ರಾಫರ್‌ಗಳಿಗೆ ಕೊಡುವ ಅಮೆರಿಕದ ಎಆರ್‌ಡಿಎಂಎಸ್ ಪ್ರಮಾಣಪತ್ರವನ್ನು ಹಲವು ಕಡೆ ಒಪ್ಪುತ್ತಾರೆ. ಅದಕ್ಕೆ ಎಸ್‌ಪಿಐ ಎಂಬ ಭೌತಶಾಸ್ತ್ರದ ಪರೀಕ್ಷೆ ಮತ್ತು ಹೊಟ್ಟೆ ಅಥವಾ ಪ್ರಸೂತಿಯಂಥ ಒಂದು ವಿಭಾಗದ ಪರೀಕ್ಷೆ ಎರಡನ್ನೂ 5 ವರ್ಷದೊಳಗೆ ಪಾಸಾಗಬೇಕು, ಅರ್ಹತೆಗೆ ಕ್ಲಿನಿಕಲ್ ಅನುಭವದ ದಾಖಲೆಯೂ ಬೇಕು. ಏಜೆಂಟ್ ‘ಅನುಭವ ಪತ್ರ ನಾವೇ ಮಾಡಿಸಿ ಕೊಡುತ್ತೇವೆ’ ಎಂದರೆ ಎದ್ದು ಬನ್ನಿ. ಪತ್ರಗಳನ್ನು ಕೊಟ್ಟ ಆಸ್ಪತ್ರೆಗೇ ಬರೆದು ಪರಿಶೀಲಿಸುತ್ತಾರೆ, ಸುಳ್ಳು ಸಿಕ್ಕರೆ ಮುಂದಿನ ಅರ್ಜಿಗೂ ಬಾಗಿಲು ಮುಚ್ಚುತ್ತದೆ.

ಹಿಂದಿನ ರೋಗಿಯ ಹೆಸರು ಮುಂದಿನವರ ಪ್ರಿಂಟಿನ ಮೇಲೆ ಬಂತು. ಹೀಗೇಕೆ? (ಲಿಂಗಸುಗೂರು)

ಹಿಂದಿನ ಪರೀಕ್ಷೆಯನ್ನು ‘ಎಂಡ್ ಎಕ್ಸಾಮ್’ ಒತ್ತಿ ಮುಗಿಸದೆ ಮುಂದಿನವರನ್ನು ಮಲಗಿಸಿದ್ದಕ್ಕೆ. ರೋಗಿ ಎದ್ದ ಕೂಡಲೇ ಅದನ್ನು ಒತ್ತಿ, ಹೊಸ ಹೆಸರನ್ನು ಅವರ ಬಾಯಿಂದಲೇ ಕೇಳಿ ಟೈಪ್ ಮಾಡಿ. “ನಿಮ್ಮ ಹೆಸರು ಹುಲಿಗೆಮ್ಮನಾ?” ಎಂದು ಕೇಳಿದರೆ ಕಿವಿ ಮಂದವಾದ ಯಾವ ಅಜ್ಜಿಯೂ ಹೌದು ಅನ್ನುತ್ತಾಳೆ. ನಮ್ಮ ಕಡೆ ಒಂದೇ ಬೆಳಿಗ್ಗೆ ಮೂವರು ಹುಲಿಗೆಮ್ಮ ಬರುವುದು ದೊಡ್ಡ ಮಾತಲ್ಲ, ಆದ್ದರಿಂದ ವಯಸ್ಸು, ಊರು, ನೋಂದಣಿ ಸಂಖ್ಯೆಯೂ ಹೊಂದಬೇಕು.

ಯಂತ್ರದ ತಾರೀಖಿನ ಕ್ರಮವನ್ನೂ ನೋಡಿ. ತಿಂಗಳು ಮೊದಲು, ದಿನ ಆಮೇಲೆ ಎಂಬ ಸೆಟ್ಟಿಂಗ್ ಇದ್ದರೆ 5-3 ಎಂದು ಹಾಕಿದ ಮುಟ್ಟಿನ ದಿನವನ್ನು ಯಂತ್ರ ಮೇ 3 ಎಂದು ಓದಿ ಎರಡು ತಿಂಗಳು ಆಚೀಚೆ ಮಾಡುತ್ತದೆ. ಪ್ರೋಬಿನ ಗುರುತು ಮತ್ತು ಪರದೆಯ ಗುರುತು ಒಂದೇ ಬದಿಗಿವೆಯೇ ಎಂದು ಬೆಳಿಗ್ಗೆ ಬೆರಳು ತಾಗಿಸಿ ನೋಡಿ, ಇಲ್ಲವಾದರೆ ಎಡ ಬಲವಾಗುತ್ತದೆ. ಇನ್ನು ನೀವು ಬರೆದ ಪ್ರಿಂಟಿನ ವಿಷಯ: ಪೆನ್ನಿನಿಂದ ಹೆಸರು ತಿದ್ದಿ ಕೊಡಬೇಡಿ. ವೈದ್ಯರಿಗೆ ತಿಳಿಸಿ, ಚಿತ್ರಗಳನ್ನು ಸರಿಯಾದ ಹೆಸರಿಗೆ ವರ್ಗಾಯಿಸಿ ಹೊಸ ಪ್ರಿಂಟ್ ತೆಗೆಯಿರಿ. ಹಳೆಯದನ್ನು ಹರಿಯದೆ ‘ರದ್ದು’ ಎಂದು ಬರೆದು, ತಾರೀಖು ಹಾಕಿ, ವೈದ್ಯರ ಸಹಿ ಮಾಡಿಸಿ ಫೈಲಿಗೆ ಸೇರಿಸಿ. ಮನೆಗೆ ಒಯ್ದಿದ್ದರೆ ಫೋನ್ ಮಾಡಿ ವಾಪಸ್ ತರಿಸಿ.